ಡ್ಯಾಶ್‌ಬೋರ್ಡಿನ ಹಿಂದಿನ ಬಿಸಿನೀರು: ಕಾರಿನ ಹೀಟರ್ ಕೋರ್ ಮತ್ತು ಅದರ ಸೋರಿಕೆಯ ಚರಿತ್ರೆ

ಹೀಟರ್ ಕೋರ್ ಎಂದರೆ ಕಾರಿನ ಡ್ಯಾಶ್‌ಬೋರ್ಡಿನ ಹಿಂದೆ ಕೂತಿರುವ ಪುಟ್ಟ ರೇಡಿಯೇಟರ್. ಎಂಜಿನ್ನಿನ ಕಾವು ಹೊತ್ತ ಕೂಲಂಟ್ ಒಂದು ರಬ್ಬರ್ ಹೋಸಿನಲ್ಲಿ ಬಂದು, ಇದರ ಸಪೂರ ಕೊಳವೆಗಳಲ್ಲಿ ಹರಿದು, ಇನ್ನೊಂದು ಹೋಸಿನಲ್ಲಿ ಎಂಜಿನ್ನಿಗೆ ಮರಳುತ್ತದೆ. ಕೊಳವೆಗಳ ನಡುವಿನ ತೆಳು ರೆಕ್ಕೆಗಳ ಮೂಲಕ ಫ್ಯಾನು ಗಾಳಿ ನೂಕುತ್ತದೆ. ಆ ಗಾಳಿ ಬೆಚ್ಚಗಾಗಿ ಕೂತವರ ಕಾಲಿಗೂ ಮುಂಗಾಜಿಗೂ ತಲುಪುತ್ತದೆ. ಮುಂದಿನ ದೊಡ್ಡ ರೇಡಿಯೇಟರ್ ಸೋರಿದರೆ ನೀರು ರಸ್ತೆಗೆ ಬೀಳುತ್ತದೆ. ಹೀಟರ್ ಕೋರ್ ಸೋರಿದರೆ ಕಾರಿನೊಳಗೇ ಬೀಳುತ್ತದೆ. ಹಳೆಯ ಕಾರು ಇಟ್ಟುಕೊಂಡವರು ಅಂಜುವ ರಿಪೇರಿಗಳಲ್ಲಿ ಇದು ಮುಂಚೂಣಿಯದು. ಕೋರಿನ ಬೆಲೆ ಅಂಥದ್ದೇನೂ ಇರುವುದಿಲ್ಲ. ಅದಕ್ಕೆ ಕೈ ಮುಟ್ಟಿಸುವುದೇ ಕಷ್ಟ, ಕೂಲಿಯೆಲ್ಲ ಅದಕ್ಕೇ ಹೋಗುತ್ತದೆ. ಮೊದಲಿನಿಂದ ಹೀಗಿರಲಿಲ್ಲ. ಆರಂಭದಲ್ಲಿ ನಾಲ್ಕು ಬೋಲ್ಟು ಬಿಚ್ಚಿದರೆ ಹೀಟರ್ ಕೈಗೆ ಬರುತ್ತಿತ್ತು. ಮುಂದಿನ ಅರ್ಧ ಶತಮಾನದಲ್ಲಿ ಅದು ಹಂತಹಂತವಾಗಿ ಕಾರಿನ ಹೊಟ್ಟೆಯೊಳಗೆ ಸೇರಿತು. ಸೋರಿಕೆಯನ್ನು ನಿಭಾಯಿಸುವ ರೀತಿಯೂ ಅದರ ಬೆನ್ನಿಗೇ ಬದಲಾಯಿತು.

ಮೊದಲ ಮೋಟಾರು ಗಾಡಿಗಳಿಗೆ ಮಾಡೂ ಇರಲಿಲ್ಲ, ಬದಿಯ ಗಾಜೂ ಇರಲಿಲ್ಲ. ಉತ್ತರ ಅಮೆರಿಕ ಮತ್ತು ಯುರೋಪಿನ ಚಳಿಯಲ್ಲಿ ಅವನ್ನು ಓಡಿಸುತ್ತಿದ್ದವರು ಕುದುರೆಗಾಡಿಯ ಕಾಲದ ಉಪಾಯಗಳನ್ನೇ ಮುಂದುವರಿಸಿದರು: ತುಪ್ಪಳದ ಹೊದಿಕೆ, ಒಲೆಯಲ್ಲಿ ಕಾಯಿಸಿ ಬಟ್ಟೆ ಸುತ್ತಿದ ಇಟ್ಟಿಗೆ, ಇದ್ದಿಲಿನ ಬಿಲ್ಲೆ ಇಟ್ಟು ಕಾಲಡಿ ಇರಿಸುವ ತಗಡಿನ ಪೆಟ್ಟಿಗೆ. 1893ರಲ್ಲಿ ಷಿಕಾಗೋದ ಮಾರ್ಗರೆಟ್ ವಿಲ್ಕಾಕ್ಸ್ ಅವರಿಗೆ ವಾಹನ ಬಿಸಿಮಾಡುವ ಏರ್ಪಾಡಿಗಾಗಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಮೋಟಾರು ಕಾರಿನ ಹೀಟರನ್ನು ಕಂಡುಹಿಡಿದವರು ಅವರೇ ಎಂದು ಇಂದು ಹಲವೆಡೆ ಬರೆಯುತ್ತಾರೆ. ಆದರೆ ಅಮೆರಿಕದಲ್ಲಿ ಡ್ಯೂರಿಯಾ ಸೋದರರ ಪೆಟ್ರೋಲ್ ಗಾಡಿ ಮೊದಲ ಬಾರಿ ರಸ್ತೆಗಿಳಿದದ್ದೂ ಅದೇ ವರ್ಷ. ಆ ಪೇಟೆಂಟನ್ನು ರೈಲು ಬೋಗಿಗಳನ್ನು ಕುರಿತದ್ದೆಂದು ಓದುವುದೇ ಸರಿ. ಹೀಟರ್ ಕೋರಿನ ನಿಜವಾದ ಪೂರ್ವಜನನ್ನು ಹುಡುಕುವುದಾದರೆ ಎಂಜಿನ್ ತಂಪುಮಾಡುವ ರೇಡಿಯೇಟರಿನ ಕಡೆಗೆ ನೋಡಬೇಕು. ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ 1901ರ ಮರ್ಸಿಡಿಸ್ ಕಾರಿಗೆ 8,070 ಚಿಕ್ಕ ಚೌಕ ಕೊಳವೆಗಳನ್ನು ಒತ್ತೊತ್ತಾಗಿ ಬೆಸೆದು ಜೇನುಗೂಡಿನಂಥ ರೇಡಿಯೇಟರ್ ಮಾಡಿದ್ದ. ತೆಳು ಲೋಹ, ಅತಿ ಹೆಚ್ಚು ಮೇಲ್ಮೈ, ಅಸಂಖ್ಯ ಬೆಸುಗೆಗಳು: ಕಾವನ್ನು ನೀರಿನಿಂದ ಗಾಳಿಗೆ ದಾಟಿಸುವ ಗುಣ ಇವುಗಳಿಂದಲೇ ಬಂತು. ಸೋರುವ ಗುಣವೂ ಇವುಗಳಿಂದಲೇ ಬಂತು.

ಕಾರಿಗೆ ಹೀಟರ್ ಬೇಕೆನಿಸಿದ್ದು ಮುಚ್ಚಿದ ಬಾಡಿ ಬಂದ ಮೇಲೆ. ಮೊದಲ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತು ತೆರೆದ ಬಾಡಿಯವು. 1922ರ ಸುಮಾರಿಗೆ ಎಸೆಕ್ಸ್ ಕಂಪನಿ ಮುಚ್ಚಿದ ಕಾರನ್ನು ಅಗ್ಗವಾಗಿ ಮಾರತೊಡಗಿತು, ಉಳಿದವರು ಹಿಂಬಾಲಿಸಿದರು. ಆ ದಶಕ ಮುಗಿಯುವ ಹೊತ್ತಿಗೆ ಲೆಕ್ಕ ತಿರುಗುಮುರುಗಾಗಿತ್ತು. ನಾಲ್ಕು ಗೋಡೆಯೊಳಗೆ ಕಾವು ನಿಲ್ಲುತ್ತದೆ. ಆದರೆ ಕೂತವರ ಉಸಿರಿನ ತೇವವೂ ನಿಂತು ಗಾಜಿಗೆ ಮಬ್ಬು ಕವಿಯುತ್ತದೆ. ಮೊದಲಿಗೆ ಹೊಳೆದ ದಾರಿ ಎಂಜಿನ್ನಿನ ಹೊಗೆಕೊಳವೆಯ ಕಾವನ್ನು ಬಳಸುವುದು. ಕೊಳವೆಯ ಸುತ್ತ ತಗಡಿನ ಕವಚ ಹಾಕಿ, ಅಲ್ಲಿ ಕಾದ ಗಾಳಿಯನ್ನು ನೆಲದ ಕಿಂಡಿಯಿಂದ ಒಳಗೆ ಬಿಡುತ್ತಿದ್ದರು. 1929ರ ಹೊತ್ತಿಗೆ ಫೋರ್ಡ್ ಮಾಡೆಲ್ ಎ ಕಾರಿಗೂ ಇಂಥ ಹೀಟರ್ ಸಿಗುತ್ತಿತ್ತು. ಎಂಜಿನ್ ಚಾಲೂ ಆದ ಸ್ವಲ್ಪ ಹೊತ್ತಿಗೇ ಬೆಚ್ಚಗಾಗುವುದು ಇದರ ಲಾಭ. ಆದರೆ ಕೊಳವೆಯ ಒಂದು ಜೋಡಣೆ ಸಡಿಲವಾದರೆ ಸಾಕು, ಬಣ್ಣ ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರುತ್ತದೆ. ಜೀವಕ್ಕೇ ಎರವಾಗುವ ಸೋರಿಕೆ ಅದು. ಇದಕ್ಕೆ ಹೋಲಿಸಿದರೆ ನೀರಿನ ಹೀಟರ್ ಸೋರಿದಾಗ ಆಗುವ ಕೇಡು ಚಿಕ್ಕದು. ಕೊನೆಗೆ ಬಿಸಿನೀರೇ ಗೆದ್ದದ್ದಕ್ಕೆ ಇದೊಂದು ಮುಖ್ಯ ಕಾರಣ. ಗಾಳಿಯಿಂದ ತಂಪಾಗುವ ಎಂಜಿನ್ನಿನ ಫೋಕ್ಸ್‌ವ್ಯಾಗನ್ ಬೀಟಲ್‌ನಂಥ ಕೆಲವು ಕಾರುಗಳು ಮಾತ್ರ ಹೊಗೆಕೊಳವೆಯ ಕಾವನ್ನು ಕೊನೆಯವರೆಗೂ ಬಳಸಿದವು. ಅವುಗಳಲ್ಲಿ ಬಿಸಿನೀರೇ ಇರಲಿಲ್ಲ.

1920ರ ದಶಕದ ಕೊನೆಗೆ ಅಮೆರಿಕದ ಅಂಗಡಿಗಳಲ್ಲಿ ಬಿಸಿನೀರಿನ ಹೀಟರ್ ಬಿಡಿ ಸಾಮಾನಾಗಿ ಬಂತು. 1930ರ ಸುಮಾರಿಗೆ ಜನರಲ್ ಮೋಟಾರ್ಸ್ ಇದೇ ಬಗೆಯ ಹೀಟರನ್ನು ಕೊಡತೊಡಗಿತು. ಟ್ರಾಪಿಕ್-ಏರ್, ಆರ್ವಿನ್ ಮೊದಲಾದ ಹೆಸರಿನ ಹೀಟರುಗಳನ್ನು ಕೊಂಡು ಹತ್ತಿರದ ಗ್ಯಾರೇಜಿನಲ್ಲಿ ಹಾಕಿಸಿಕೊಳ್ಳಬಹುದಾಗಿತ್ತು. ದುಂಡನೆಯ ತಗಡಿನ ಡಬ್ಬಿ, ಅದರೊಳಗೆ ತಾಮ್ರ-ಹಿತ್ತಾಳೆಯ ಕೋರ್, ಹಿಂದೆ ಒಂದು ಪುಟ್ಟ ವಿದ್ಯುತ್ ಫ್ಯಾನು, ಮುಂದೆ ಗಾಳಿಯ ದಿಕ್ಕು ಬದಲಿಸುವ ಕ್ರೋಮ್ ರೆಪ್ಪೆಗಳು. ಎಂಜಿನ್ ಕೋಣೆಯ ಗೋಡೆಗೆ ರಂಧ್ರ ಕೊರೆದು ಹೋಸ್ ತೂರಿಸಿ, ಡಬ್ಬಿಯನ್ನು ಡ್ಯಾಶಿನ ಕೆಳಗೆ ಪಕ್ಕದ ಪ್ರಯಾಣಿಕನ ಮೊಣಕಾಲಿನ ಮುಂದೆ ತೂಗುಹಾಕುತ್ತಿದ್ದರು. ಬ್ರಿಟನ್ನಿನಲ್ಲಿ ಸ್ಮಿತ್ಸ್ ಕಂಪನಿಯ ಹೀಟರುಗಳು ಇದೇ ಜಾಡಿನವು. ಅಲ್ಲಿ ಎರಡನೇ ಮಹಾಯುದ್ಧದ ನಂತರವೂ ಎಷ್ಟೋ ಕಾರುಗಳಿಗೆ ಹೀಟರ್ ಬೇಕೆಂದರೆ ಬೇರೆ ದುಡ್ಡು ತೆರಬೇಕಿತ್ತು. ಈ ಕಾಲದ ಸೋರಿಕೆ ಒಂದು ಕಿರಿಕಿರಿ, ಅಷ್ಟೇ. ಹನಿ ಬೀಳುವುದು ಕಣ್ಣೆದುರೇ ಕಾಣುತ್ತಿತ್ತು. ಎರಡು ಕ್ಲಿಪ್ ಸಡಿಲಿಸಿ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬೆಸುಗೆ ಹಾಕುವವನ ಬಳಿ ಹೋಗಬಹುದಿತ್ತು. ಬೇಸಿಗೆಯಲ್ಲಿ ಹೀಟರನ್ನು ಪೂರ್ತಿ ಬಿಚ್ಚಿ ಅಟ್ಟಕ್ಕೆ ಹಾಕುವವರೂ ಇದ್ದರು.

ಸೋರಿಕೆಯ ಸ್ವರೂಪವನ್ನೇ ಬದಲಿಸಿದ್ದು ಕೊಳವೆಯೊಳಗಿನ ದ್ರವ. ಶೀತಪ್ರದೇಶದಲ್ಲಿ ಬರೀ ನೀರು ಹಾಕಿದರೆ ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ ರೇಡಿಯೇಟರನ್ನೂ ಎಂಜಿನ್ ಬ್ಲಾಕನ್ನೂ ಸೀಳಿಬಿಡುತ್ತದೆ. ಹಾಗಾಗಿ ನೀರಿಗೆ ಮೆಥನಾಲ್ ಅಥವಾ ಸ್ಪಿರಿಟ್ ಬೆರೆಸುತ್ತಿದ್ದರು. ಮೆಥನಾಲ್ 65 ಡಿಗ್ರಿ ಸೆಲ್ಸಿಯಸ್‌ಗೆ, ಎಥನಾಲ್ 78 ಡಿಗ್ರಿಗೆ ಕುದಿಯುತ್ತವೆ. ಎಂಜಿನ್ ಚೆನ್ನಾಗಿ ಕಾದರೆ ಅವು ಆವಿಯಾಗಿ ಹೋಗಿ, ಮಾಲೀಕನಿಗೆ ತಿಳಿಯದೆಯೇ ಬರೀ ನೀರು ಉಳಿಯುತ್ತಿತ್ತು. ಗ್ಲಿಸರಿನ್, ಉಪ್ಪಿನ ದ್ರಾವಣ, ಜೇನುತುಪ್ಪವನ್ನೂ ಜನ ಹಾಕಿ ನೋಡಿದ್ದುಂಟು. ಉಪ್ಪು ಲೋಹವನ್ನೇ ತಿಂದುಹಾಕುತ್ತಿತ್ತು. ಫ್ರೆಂಚ್ ರಸಾಯನಶಾಸ್ತ್ರಜ್ಞ ಷಾರ್ಲ್ ಅಡಾಲ್ಫ್ ವುರ್ಟ್ಸ್ ಎಥಿಲೀನ್ ಗ್ಲೈಕಾಲನ್ನು 1850ರ ದಶಕದಲ್ಲೇ ತಯಾರಿಸಿದ್ದ. ಕಾರಿನ ಉಪಯೋಗಕ್ಕೆ ಅದು ‘ಪ್ರೆಸ್ಟೋನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು 1927ರಲ್ಲಿ. ಇದರ ಕುದಿಬಿಂದು 197 ಡಿಗ್ರಿ. ಎಂಜಿನ್ ಎಷ್ಟೇ ಕಾದರೂ ಆವಿಯಾಗಿ ಹೋಗುವುದಿಲ್ಲ. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ಚಳಿಗಾಲವಿಡೀ ಹೀಟರಿನಲ್ಲಿ ನಿಶ್ಚಿಂತೆಯಿಂದ ಬಿಸಿ ದ್ರವ ಹರಿಸಲು ಸಾಧ್ಯವಾದದ್ದು ಇದರಿಂದ.

ಆದರೆ ಗ್ಲೈಕಾಲ್ ಬೆರೆತ ದ್ರವ ನೀರು ನುಗ್ಗದ ಸಂದಿಗಳಲ್ಲೂ ನುಗ್ಗುತ್ತದೆ. ಬರೀ ನೀರಿದ್ದಾಗ ವರ್ಷಗಟ್ಟಲೆ ಸೋರದಿದ್ದ ಹಳೆಯ ಬೆಸುಗೆಗಳು ಗ್ಲೈಕಾಲ್ ಹಾಕಿದ ವಾರದೊಳಗೆ ಜಿನುಗತೊಡಗುತ್ತಿದ್ದವು. ಸುರಿದ ನೀರು ಆರಿಹೋಗುತ್ತದೆ; ಗ್ಲೈಕಾಲ್ ಆರುವುದಿಲ್ಲ. ಕೋರಿನ ಸಣ್ಣ ರಂಧ್ರದಿಂದ ಹೊರಟ ಆವಿ ತಣ್ಣನೆಯ ಮುಂಗಾಜಿಗೆ ತಗುಲಿ ಜಿಡ್ಡಿನ ಪದರವಾಗಿ ಕೂರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ, ರಾತ್ರಿ ಎದುರಿನ ವಾಹನದ ದೀಪ ಬಿದ್ದಾಗ ಕಣ್ಣು ಕೋರೈಸುತ್ತದೆ. ಜೊತೆಗೆ ಸಿಹಿ ಮಿಠಾಯಿಯಂಥ ಒಂದು ವಾಸನೆ. ಹಳೆಯ ಕಾರಿನವರು ಇಂದಿಗೂ ಹೀಟರ್ ಕೋರ್ ಹೋಯಿತೆಂದು ಅರಿಯುವುದು ಈ ವಾಸನೆಯಿಂದ, ಈ ಜಿಡ್ಡಿನಿಂದ. ಎರಡೂ ಗ್ಲೈಕಾಲಿನ ಜೊತೆಗೇ ಬಂದವು.

ಹೀಟರ್ ಒಳಕ್ಕೆ ಸರಿಯುವ ಮೊದಲ ದೊಡ್ಡ ಹೆಜ್ಜೆ ಇಟ್ಟದ್ದು ವಿಸ್ಕಾನ್ಸಿನ್ ರಾಜ್ಯದ ಕೆನೋಷಾದಲ್ಲಿದ್ದ ನ್ಯಾಷ್ ಮೋಟಾರ್ಸ್. ತೂಗುಹಾಕಿದ ಹೀಟರುಗಳು ಕಾರಿನೊಳಗಿನ ಗಾಳಿಯನ್ನೇ ಮತ್ತೆ ಮತ್ತೆ ಕಾಯಿಸುತ್ತಿದ್ದವು, ಆದ್ದರಿಂದ ತೇವ ಹೊರಹೋಗುತ್ತಿರಲಿಲ್ಲ. ನ್ಯಾಷ್ ತನ್ನ 1938ರ ಮಾದರಿಯಲ್ಲಿ ಹೊರಗಿನ ಗಾಳಿಯನ್ನು ಮುಂಗಾಜಿನ ಬುಡದಿಂದ ಎಳೆದು, ಸೋಸಿ, ಕೋರಿನ ಮೂಲಕ ಹಾಯಿಸಿ ಒಳಗೆ ಬಿಟ್ಟಿತು. ಮರುವರ್ಷ ಥರ್ಮೋಸ್ಟಾಟ್ ಸೇರಿಸಿ ‘ವೆದರ್ ಐ’ ಎಂದು ಹೆಸರಿಟ್ಟಿತು. ಇಂದಿನ ಎಲ್ಲ ಕಾರುಗಳ ಹವಾ ವ್ಯವಸ್ಥೆಗೆ ಇದೇ ಮೂಲ. ಹೊರಗಿನ ಗಾಳಿ ಬೇಕೆಂದರೆ ಗಾಳಿಯ ಪೆಟ್ಟಿಗೆ, ಕೊಳವೆ, ಕದಗಳು ಬೇಕು. ಅವುಗಳ ನಡುವೆ ಕೋರ್ ಕೂರಬೇಕು. ಹೀಗೆ ಕೋರ್ ಡ್ಯಾಶಿನ ಕೆಳಗಿನಿಂದ ಡ್ಯಾಶಿನ ಹಿಂದಕ್ಕೆ ಹೋಯಿತು. ಬ್ರಿಟನ್ನಿನ ಫೋರ್ಡ್ ಕಾರ್ಟಿನಾ 1964ರಲ್ಲಿ ‘ಏರೋಫ್ಲೋ’ ಎಂಬ ಏರ್ಪಾಡಿನಿಂದ ಮುಖದ ಎದುರಿಗೆ ತಾಜಾ ಗಾಳಿ, ಹಿಂಬದಿಯಿಂದ ಹಳೆಯ ಗಾಳಿಗೆ ದಾರಿ ಮಾಡಿಕೊಟ್ಟಾಗ ಈ ಪೆಟ್ಟಿಗೆ ಇನ್ನಷ್ಟು ಬೆಳೆಯಿತು. 1968ರಿಂದ ಅಮೆರಿಕದಲ್ಲಿ ಮಾರುವ ಕಾರುಗಳಿಗೆ ಮುಂಗಾಜಿನ ಹಿಮ ಕರಗಿಸುವ, ಮಬ್ಬು ಬಿಡಿಸುವ ವ್ಯವಸ್ಥೆ ಕಡ್ಡಾಯವಾಯಿತು. ಹೀಟರ್ ಇಲ್ಲದ ಕಾರು ಅಲ್ಲಿ ಇತಿಹಾಸಕ್ಕೆ ಸೇರಿತು.

ಈ ದಶಕಗಳಲ್ಲಿ ಸೋರಿಕೆಯನ್ನು ಸರಿಪಡಿಸುತ್ತಿದ್ದವರು ರೇಡಿಯೇಟರ್ ರಿಪೇರಿಯವರು. ಅದು ಸಾಮಾನ್ಯ ಮೆಕ್ಯಾನಿಕ್ಕಿನ ಕೆಲಸವಲ್ಲ, ಕಂಚುಗಾರಿಕೆಗೆ ಹತ್ತಿರದ ಒಂದು ಪ್ರತ್ಯೇಕ ಕಸುಬು. ಅಂಗಡಿಯ ನಡುವೆ ಎದೆಮಟ್ಟದ ಒಂದು ನೀರಿನ ತೊಟ್ಟಿ, ಬದಿಯಲ್ಲಿ ಕಾಸ್ಟಿಕ್ ಸೋಡಾ ಕುದಿಯುವ ಇನ್ನೊಂದು ತೊಟ್ಟಿ. ಬಿಚ್ಚಿ ತಂದ ಕೋರನ್ನು ಮೊದಲು ಕಾಸ್ಟಿಕ್ಕಿನಲ್ಲಿ ಅದ್ದಿ ಬಣ್ಣವನ್ನೂ ಕಿಲುಬನ್ನೂ ಕಳೆಯುತ್ತಾರೆ. ಒಂದು ಮೂತಿಗೆ ರಬ್ಬರ್ ಬಿರಡೆ ಬಿಗಿದು, ಇನ್ನೊಂದಕ್ಕೆ ಗಾಳಿಯ ಕೊಳವೆ ಸಿಕ್ಕಿಸಿ ನೀರಿನಲ್ಲಿ ಮುಳುಗಿಸುತ್ತಾರೆ. ಗಾಳಿಯನ್ನು ಮೆಲ್ಲಗೆ ಬಿಡಬೇಕು. ಒತ್ತಡ ಜಾಸ್ತಿಯಾದರೆ ಚೆನ್ನಾಗಿರುವ ಕೊಳವೆಯೂ ಉಬ್ಬಿ ಒಡೆಯುತ್ತದೆ. ತೂತಿರುವ ಕಡೆಯಿಂದ ಗುಳ್ಳೆಗಳ ಸಾಲೊಂದು ಮೇಲೇಳುತ್ತದೆ. ಆ ಜಾಗವನ್ನು ಗುರುತಿಟ್ಟು, ಹೊರತೆಗೆದು ಒಣಗಿಸಿ, ತಂತಿ ಬ್ರಷ್ಷಿನಿಂದ ತಾಮ್ರ ಮಿನುಗುವವರೆಗೆ ಉಜ್ಜಿ, ಸತು ಕರಗಿಸಿದ ಆಮ್ಲವನ್ನು ಸವರುತ್ತಾರೆ. ಸಣ್ಣ ಜ್ವಾಲೆಯನ್ನು ಲೋಹದ ಮೇಲೆ ಆಡಿಸುತ್ತಾ ಸೀಸ-ತವರದ ಕಡ್ಡಿ ಮುಟ್ಟಿಸಿದರೆ ಬೆಸುಗೆ ಕರಗಿ ಸಂದಿಗೆ ತಾನಾಗಿ ಹರಿಯುತ್ತದೆ. ಜ್ವಾಲೆ ಕ್ಷಣಕಾಲ ಹೆಚ್ಚು ನಿಂತರೆ ಪಕ್ಕದ ಹತ್ತು ಬೆಸುಗೆಗಳು ಕರಗಿ ಬೀಳುತ್ತವೆ. ನಡುಭಾಗದ ಕೊಳವೆ ಸೋರಿದರೆ ಅದರ ಎರಡೂ ತುದಿ ಮುಚ್ಚಿಬಿಡುವುದು ವಾಡಿಕೆ. ಕಾವು ಒಂದಿಷ್ಟು ಕಡಿಮೆಯಾದರೂ ಸೋರಿಕೆ ನಿಲ್ಲುತ್ತದೆ. ಕೋರ್ ಪೂರ್ತಿ ಹಾಳಾಗಿದ್ದರೆ ಹಳೆಯ ಹಿತ್ತಾಳೆ ಟ್ಯಾಂಕುಗಳನ್ನು ಉಳಿಸಿಕೊಂಡು ನಡುವೆ ಹೊಸ ಜಾಲರಿ ಕೂರಿಸುತ್ತಾರೆ. ಹಾಗೆ ಮಾಡಿದ ಕೋರ್ ಹೊಸದಕ್ಕಿಂತ ಕಡಿಮೆಯಲ್ಲ.

ಈ ಕಸುಬು ಕಸುಬುದಾರನ ಆರೋಗ್ಯವನ್ನು ತಿಂದಿತು. ಹಳೆಯ ಬೆಸುಗೆಯನ್ನು ಕರಗಿಸುವಾಗ, ಉಜ್ಜುವಾಗ ಏಳುವ ಸೀಸದ ಹೊಗೆ ಮತ್ತು ಧೂಳು ಉಸಿರಿನ ಮೂಲಕ ರಕ್ತಕ್ಕೆ ಸೇರುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಆಡಳಿತವು 1978ರಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಸೀಸದ ಮಿತಿಯನ್ನು ಘನಮೀಟರಿಗೆ 50 ಮೈಕ್ರೋಗ್ರಾಂ ಎಂದು ಗೊತ್ತುಮಾಡಿತು. ಮುಂದಿನ ವರ್ಷಗಳಲ್ಲಿ ತಪಾಸಣೆ ನಡೆದಂತೆ ರೇಡಿಯೇಟರ್ ಅಂಗಡಿಯ ಕೆಲಸಗಾರರ ರಕ್ತದಲ್ಲಿ ಸೀಸ ಅತಿಯಾಗಿರುವುದು ಮತ್ತೆ ಮತ್ತೆ ಕಂಡುಬಂತು. ಗಾಳಿ ಎಳೆಯುವ ಚಿಮಣಿ ಹಾಕಿಸಲು ಸಣ್ಣ ಅಂಗಡಿಗಳಿಗೆ ಶಕ್ತಿ ಇರಲಿಲ್ಲ. ಹಳೆಯ ಕಾರಿನ ಅಗ್ಗದ ರಿಪೇರಿಯ ಹಿಂದೆ ಈ ಬೆಲೆಯೂ ಇತ್ತು ಎಂಬುದನ್ನು ಈ ಚರಿತ್ರೆ ಬರೆಯುವವರು ಬಿಡಬಾರದು.

ಅಂಗಡಿಗೆ ಹೋಗದವರದು ಇನ್ನೊಂದು ದಾರಿ: ರೇಡಿಯೇಟರಿಗೆ ಏನಾದರೂ ಹಾಕಿ ತೂತನ್ನು ಒಳಗಿನಿಂದಲೇ ಮುಚ್ಚುವುದು. ಮೋಟಾರು ಕಾರಿನ ಮೊದಲ ದಶಕಗಳಿಂದಲೂ ಮೊಟ್ಟೆಯ ಬಿಳಿಭಾಗ, ಓಟ್ಸ್ ಹಿಟ್ಟು, ಸಾಸಿವೆ ಪುಡಿ, ಕರಿಮೆಣಸಿನ ಪುಡಿ ಹೀಗೆ ಅಡುಗೆಮನೆಯ ಸಾಮಾನುಗಳು ರೇಡಿಯೇಟರಿಗೆ ಬಿದ್ದಿವೆ. ಬಿಸಿಗೆ ಮೊಟ್ಟೆ ಗಟ್ಟಿಯಾಗುತ್ತದೆ, ನಾರಿನ ಕಣಗಳು ಉಬ್ಬಿ ತೂತಿನ ಬಾಯಿಗೆ ಸಿಕ್ಕಿಕೊಳ್ಳುತ್ತವೆ. ಒಂದು ಊರಿನಿಂದ ಇನ್ನೊಂದು ಊರಿಗೆ ಮುಟ್ಟಲು ಅಷ್ಟು ಸಾಕು. 1947ರಲ್ಲಿ ಅಮೆರಿಕದಲ್ಲಿ ಶುರುವಾದ ಬಾರ್ಸ್ ಲೀಕ್ಸ್ ಕಂಪನಿ ಇದೇ ತತ್ವವನ್ನು ಡಬ್ಬಿಗೆ ತುಂಬಿ ಮಾರಿತು. ಅದರ ಗುಳಿಗೆಗಳಲ್ಲಿ ಪುಡಿಮಾಡಿದ ಶುಂಠಿಯ ಬೇರೂ ಇತ್ತು. ಈ ಪದಾರ್ಥಕ್ಕೆ ಕೀರ್ತಿ ತಂದ ಪ್ರಸಂಗ ನಡೆದದ್ದು ಕಾರಿನಲ್ಲಲ್ಲ, ಜಲಾಂತರ್ಗಾಮಿಯಲ್ಲಿ. ಅಣುಶಕ್ತಿಯಿಂದ ಓಡುವ ಅಮೆರಿಕದ ‘ನಾಟಿಲಸ್’ 1958ರಲ್ಲಿ ಉತ್ತರ ಧ್ರುವದ ಹಿಮದಡಿಯ ಯಾನಕ್ಕೆ ಸಿದ್ಧವಾಗುತ್ತಿದ್ದಾಗ ಅದರ ಕಂಡೆನ್ಸರಿನಲ್ಲಿ ಎಲ್ಲಿಂದಲೋ ಸಮುದ್ರದ ನೀರು ಸೋರುತ್ತಿತ್ತು. ಎಷ್ಟು ಹುಡುಕಿದರೂ ತೂತು ಸಿಗಲಿಲ್ಲ. ಯಾನ ರಹಸ್ಯವಾದದ್ದರಿಂದ ನಾವಿಕರು ಸಾಮಾನ್ಯ ಉಡುಪಿನಲ್ಲಿ ಸಿಯಾಟಲ್ ನಗರದ ಪೆಟ್ರೋಲ್ ಬಂಕುಗಳಿಗೆ ಹೋಗಿ ಕಾರಿನ ರೇಡಿಯೇಟರಿಗೆ ಹಾಕುವ ಸೋರಿಕೆ ನಿಲ್ಲಿಸುವ ದ್ರವದ ಸುಮಾರು 140 ಡಬ್ಬಿ ಕೊಂಡು ತಂದರು. ಅದರಲ್ಲಿ ಅರ್ಧದಷ್ಟನ್ನು ವ್ಯವಸ್ಥೆಗೆ ಸುರಿದ ಮೇಲೆ ಸೋರಿಕೆ ನಿಂತಿತು. ಆಗಸ್ಟ್ 3ರಂದು ನಾಟಿಲಸ್ ಧ್ರುವವನ್ನು ದಾಟಿತು.

ಹಾಗೆಂದು ಹೀಟರ್ ಕೋರಿಗೆ ಈ ಮದ್ದು ಒಳ್ಳೆಯದೆನ್ನಲಾಗದು. ಕಾರಿನ ತಂಪು ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಸಪೂರ ದಾರಿ ಇರುವುದು ಹೀಟರ್ ಕೋರಿನಲ್ಲೇ. ಕಣಗಳು ತೂತನ್ನು ಹುಡುಕುವ ಮೊದಲು ಕೊಳವೆಗಳಲ್ಲೇ ಕೂತು ಹೂಳಾಗುತ್ತವೆ. ಸೋರಿಕೆಯ ಜೊತೆಗೆ ಬಿಸಿಗಾಳಿಯೂ ನಿಲ್ಲುತ್ತದೆ. ಅಳತೆ ಮೀರಿ ಹಾಕಿದರೆ ದೊಡ್ಡ ರೇಡಿಯೇಟರಿಗೂ ಅದೇ ಗತಿ. ದಾರಿಯ ಮಧ್ಯೆ ಸಿಕ್ಕಿಕೊಂಡಾಗ ಊರು ಮುಟ್ಟಲು ಬಳಸಬಹುದು, ಮನೆಯ ಮುಂದೆ ನಿಂತ ಕಾರಿಗೆ ಹಾಕಬಾರದು.

ಹೀಟರನ್ನು ಕೈಗೆ ಸಿಗದಂತೆ ಮಾಡಿದ್ದು ಏರ್ ಕಂಡೀಷನರ್. 1960ರ ದಶಕದಿಂದ ಅಮೆರಿಕದ ಕಾರುಗಳಲ್ಲಿ ತಂಪು ಮಾಡುವ ಸುರುಳಿ ಮತ್ತು ಹೀಟರ್ ಕೋರ್ ಎರಡೂ ಒಂದೇ ಪ್ಲಾಸ್ಟಿಕ್ ಪೆಟ್ಟಿಗೆಗೆ ಸೇರಿದವು. ಮೊದಲು ಒಂದು ಕವಾಟ ಬಿಸಿನೀರನ್ನು ತಡೆಯುತ್ತಿತ್ತು. ಬರಬರುತ್ತಾ ಹೆಚ್ಚಿನ ಕಾರುಗಳಲ್ಲಿ ನೀರು ಸದಾ ಹರಿಯುವಂತೆ ಬಿಟ್ಟು, ಒಂದು ಕದ ಸರಿಸಿ ಬಿಸಿ-ತಣ್ಣನೆ ಗಾಳಿಯನ್ನು ಬೆರೆಸುವ ರೀತಿ ಬಂತು. ಹೀಗಾಗಿ ಬೇಸಿಗೆಯಲ್ಲೂ ಕೋರಿನಲ್ಲಿ ಒತ್ತಡದ ಬಿಸಿನೀರು ಓಡುತ್ತಲೇ ಇರುತ್ತದೆ. ಒತ್ತಡವೂ ಏರಿತು. ರೇಡಿಯೇಟರ್ ಮುಚ್ಚಳ ಹಿಡಿದಿಡುವ ಪ್ರತಿ ಒಂದು ಪಿಎಸ್ಐ ಒತ್ತಡಕ್ಕೆ ಕುದಿಬಿಂದು ಸುಮಾರು 1.6 ಡಿಗ್ರಿ ಮೇಲೇರುತ್ತದೆ ಎಂಬ ಕಾರಣಕ್ಕೆ, ಮೊದಲು 7 ಪಿಎಸ್ಐ ಇದ್ದ ಮುಚ್ಚಳ 15ರ ಆಸುಪಾಸಿಗೆ ಬಂತು. ಪೆಟ್ಟಿಗೆ ಮೊದಲು ಗೋಡೆಗೆ ಕೂರುತ್ತದೆ, ಅದರ ಮೇಲೆ ಡ್ಯಾಶ್‌ಬೋರ್ಡ್ ಬರುತ್ತದೆ. ಬಿಚ್ಚುವವರು ಅದೇ ಕ್ರಮವನ್ನು ಹಿಂದುಮುಂದಾಗಿ ನಡೆಯಬೇಕು. ಒಂದೇ ಕಂಪನಿಯ ಎರಡು ವಾಹನ ನೋಡಿದರೆ ವಿನ್ಯಾಸಗಾರನ ಒಂದು ನಿರ್ಧಾರ ಎಷ್ಟು ದೂರ ಹೋಗುತ್ತದೆಂದು ತಿಳಿಯುತ್ತದೆ. 1980ರಿಂದ 1996ರವರೆಗಿನ ಫೋರ್ಡ್ ಎಫ್-150 ಟ್ರಕ್ಕಿನಲ್ಲಿ ಗ್ಲೋವ್ ಬಾಕ್ಸ್ ಕೆಳಗಿಳಿಸಿ ಒಂದು ಮುಚ್ಚಳ ತೆಗೆದರೆ ಕೋರ್ ಹೊರಬರುತ್ತದೆ, ಅರ್ಧ ಗಂಟೆಯ ಕೆಲಸ. 1979ರಿಂದ 1993ರವರೆಗಿನ ಫೋರ್ಡ್ ಮಸ್ಟಾಂಗ್‌ನಲ್ಲಿ ಎಸಿ ಇದ್ದರೆ ಡ್ಯಾಶ್‌ಬೋರ್ಡೇ ಹೊರಗೆ ಬರಬೇಕು. ಸ್ಟೀರಿಂಗ್ ಕಂಬ ಇಳಿಸಿ, ಹತ್ತಾರು ವೈರಿನ ಜೋಡಣೆ ಬಿಡಿಸಿ, ಎಸಿಯ ಅನಿಲ ಖಾಲಿಮಾಡಿ ಪೆಟ್ಟಿಗೆ ಹೊರತೆಗೆದು ತೆರೆಯುವಷ್ಟರಲ್ಲಿ ಅನುಭವಸ್ಥನಿಗೂ ಒಂದು ದಿನ ಮುಗಿಯುತ್ತದೆ. ಮೂವತ್ತು ವರ್ಷ ಹಳೆಯ ಪ್ಲಾಸ್ಟಿಕ್ ಆ ಕೆಲಸದಲ್ಲಿ ಅಲ್ಲಲ್ಲಿ ಮುರಿಯುತ್ತದೆ. 1990ರ ದಶಕದಲ್ಲಿ ಏರ್‌ಬ್ಯಾಗ್ ಬಂದ ಮೇಲೆ ಬ್ಯಾಟರಿಯ ತಂತಿ ಕಳಚಿ ಕಾಯದೆ ಡ್ಯಾಶಿಗೆ ಕೈ ಹಾಕುವುದೇ ಅಪಾಯವಾಯಿತು. ಕೋರನ್ನು ಸುಲಭವಾಗಿ ಬದಲಿಸುವ ದಾರಿ ಇಟ್ಟ ವಿನ್ಯಾಸ ದುಬಾರಿಯದೇನಲ್ಲ ಎಂದು ಆ ಟ್ರಕ್ಕೇ ಹೇಳುತ್ತದೆ. ಕಾರು ಮಾಡುವವರು ಹತ್ತು ವರ್ಷದ ನಂತರದ ಮಾಲೀಕನನ್ನು ಲೆಕ್ಕಕ್ಕೆ ಹಿಡಿಯದೇ ಹೋದದ್ದೇ ಇಲ್ಲಿನ ತಪ್ಪು.

ಇದೇ ಹೊತ್ತಿಗೆ ಲೋಹವೂ ಬದಲಾಯಿತು. ಹಗುರ ಮತ್ತು ಅಗ್ಗ ಎಂಬ ಕಾರಣಕ್ಕೆ 1970ರ ದಶಕದ ನಡುವಿನಿಂದ ಯುರೋಪಿನಲ್ಲಿ, ಮುಂದಿನ ದಶಕದಲ್ಲಿ ಎಲ್ಲೆಡೆ ತಾಮ್ರ-ಹಿತ್ತಾಳೆಯ ಜಾಗಕ್ಕೆ ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕ್ ಬಂದವು. ಸೀಸದ ಬೆಸುಗೆ ಇಲ್ಲಿ ಹಿಡಿಯದು. ತೊಟ್ಟಿ, ಜ್ವಾಲೆ, ಕಡ್ಡಿಯ ಕಸುಬಿಗೆ ಕೆಲಸ ಇಲ್ಲವಾಯಿತು. ಸೋರಿದ ಕೋರನ್ನು ಎಸೆದು ಹೊಸದು ಹಾಕುವುದೇ ರೂಢಿಯಾಯಿತು. ಸೋರುವ ಕಾರಣಗಳೂ ಬೇರೆಯಾದವು. ತಾಮ್ರದ ಕೋರಿನಲ್ಲಿ ಬೆಸುಗೆ ಕೊರೆದುಹೋಗುತ್ತಿತ್ತು. ಅಲ್ಯೂಮಿನಿಯಂ ಕೋರಿನಲ್ಲಿ ಕೊಳವೆಯ ಗೋಡೆಗೇ ಸೂಜಿಮೊನೆಯಂಥ ತೂತು ಬೀಳುತ್ತದೆ. ಕೂಲಂಟಿನಲ್ಲಿರುವ ತುಕ್ಕು ತಡೆಯುವ ಅಂಶಗಳು ಎರಡು ಮೂರು ವರ್ಷಕ್ಕೆ ಮುಗಿದುಹೋಗುತ್ತವೆ. ಹಸಿರು ಬಣ್ಣ ಹಾಗೇ ಇರುವುದರಿಂದ ಮಾಲೀಕರು ಮೋಸಹೋಗುತ್ತಾರೆ. 1990ರ ದಶಕದ ನಡುವೆ ಐದು ವರ್ಷ ಬಾಳುವ ಕಿತ್ತಳೆ ಬಣ್ಣದ ಕೂಲಂಟ್ ಬಂದಿತು. ಎರಡನ್ನೂ ಬೆರೆಸಿದವರಿಗೆ ಆ ಆಯುಸ್ಸು ದಕ್ಕಲಿಲ್ಲ. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ತಂತಿ ಸಡಿಲವಾಗಿದ್ದರೆ ವಿದ್ಯುತ್ತು ಕೂಲಂಟಿನ ಮೂಲಕವೇ ದಾರಿ ಹುಡುಕಿಕೊಂಡು ಲೋಹವನ್ನು ಕೊರೆಯುತ್ತದೆ. ಹೊಸ ಕೋರ್ ಹಾಕಿ ಕೆಲವೇ ತಿಂಗಳಲ್ಲಿ ಮತ್ತೆ ಸೋರಿದರೆ ಅನುಭವಿ ಮೆಕ್ಯಾನಿಕ್ ಮೊದಲು ವೋಲ್ಟ್ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ಲೋಹಕ್ಕೆ ತಾಗದಂತೆ ರೇಡಿಯೇಟರಿನ ದ್ರವಕ್ಕೆ ಇಟ್ಟು ನೋಡುತ್ತಾನೆ. 0.4 ವೋಲ್ಟ್ ದಾಟಿದ್ದರೆ ತಪ್ಪು ಕೋರಿನದಲ್ಲ, ತಂತಿಯದು.

ಸೋರಿಕೆಯನ್ನು ಗುರುತಿಸುವ ಕ್ರಮ ಮಾತ್ರ ಹೆಚ್ಚು ಬದಲಾಗಿಲ್ಲ. ಕಾಲಡಿಯ ಹಾಸು ಒದ್ದೆಯಾಗಿದ್ದರೆ ಬಿಳಿ ಕಾಗದ ಒತ್ತಿ ನೋಡಬೇಕು. ಬಣ್ಣವಿದ್ದು ಜಿಡ್ಡಿದ್ದರೆ ಕೂಲಂಟ್. ಬರೀ ನೀರಾದರೆ ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿರಬಹುದು, ಇಲ್ಲವೇ ಮಳೆನೀರು ಇಳಿದಿರಬಹುದು. ಇದನ್ನು ನೋಡದೆ ಡ್ಯಾಶ್ ಬಿಚ್ಚಿಸಿ ದುಡ್ಡು ಕಳೆದುಕೊಂಡವರಿದ್ದಾರೆ. ಹೋಸಿನ ಕ್ಲಿಪ್ ಸಡಿಲವಾಗಿ, ನೀರು ಕೊಳವೆಯ ಗುಂಟ ಒಳಗೆ ಜಾರುವುದೂ ಉಂಟು. ಕೈಪಂಪಿನಿಂದ ತಂಪು ವ್ಯವಸ್ಥೆಗೆ ಮುಚ್ಚಳದಷ್ಟೇ ಒತ್ತಡ ಕೊಟ್ಟು ಮುಳ್ಳು ಇಳಿಯುತ್ತದೆಯೇ ಎಂದು ಕಾಯುವುದು ಖಚಿತ ಪರೀಕ್ಷೆ. ಸೋರಿಕೆ ಕೋರಿನದೇ ಆಗಿದ್ದು, ಕೂಡಲೇ ಬದಲಿಸಲಾಗದಿದ್ದರೆ ಎಂಜಿನ್ ಕೋಣೆಯಲ್ಲೇ ಎರಡು ಹೋಸುಗಳನ್ನು ಒಂದಕ್ಕೊಂದು ಜೋಡಿಸಿ ಕೋರನ್ನು ಹೊರಗಿಡುವ ಬೈಪಾಸ್ ಹಳೆಯ ಉಪಾಯ. ತುದಿಗಳನ್ನು ಬಿರಡೆ ಹಾಕಿ ಮುಚ್ಚುವುದಕ್ಕಿಂತ ಹೀಗೆ ಜೋಡಿಸುವುದು ಮೇಲು; ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಮುಚ್ಚಿರುವಾಗ ಕೂಲಂಟಿಗೆ ಇದೇ ಹರಿಯುವ ದಾರಿ. ಜನರಲ್ ಮೋಟಾರ್ಸ್‌ನ ಹಲವು ಕಾರುಗಳಲ್ಲಿ ಒಂದು ಹೋಸು 5/8 ಇಂಚು, ಇನ್ನೊಂದು 3/4 ಇಂಚು. ಹಾಗಾಗಿ ಎರಡು ಅಳತೆಯ ಜೋಡಣೆ ಕೊಳವೆ ಬೇಕು. ಹಿಮ ಬೀಳುವ ನಾಡಿನಲ್ಲಿ ಈ ಬೈಪಾಸ್ ಬೇಸಿಗೆಯ ಮಟ್ಟಿಗೆ ಮಾತ್ರ. ಟೊರಾಂಟೊ, ಡೆಟ್ರಾಯಿಟ್ ಕಡೆ ಓದಲು ಹೋಗಿ ಅಗ್ಗದ ಹಳೆಯ ಕಾರು ಕೊಳ್ಳುವ ಕನ್ನಡದ ಹುಡುಗರು ಚಳಿಗಾಲಕ್ಕೆ ಮೊದಲೇ ಹೀಟರ್ ನೋಡಿಸುವುದು ಒಳಿತು. ಮಬ್ಬು ಬಿಡದ ಮುಂಗಾಜಿನ ಕಾರು ಅಲ್ಲಿ ರಸ್ತೆಗೆ ಯೋಗ್ಯವಲ್ಲ.

ಕರ್ನಾಟಕದಲ್ಲಿ ಈ ಕಥೆಗೆ ಬೇರೆ ತಿರುವು. ಬೆಂಗಳೂರಿನ ಅತಿ ಕಡಿಮೆ ಉಷ್ಣಾಂಶದ ದಾಖಲೆ 1884ರ ಜನವರಿಯ 7.8 ಡಿಗ್ರಿ, ಇಂಥ ಕಡೆ ಕಾರಿಗೆ ಹೀಟರ್ ಬೇಕೆಂದು ಯಾರೂ ಕೇಳಲಿಲ್ಲ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ ಅಂಬಾಸಡರ್ ದಶಕಗಳ ಕಾಲ ಇಲ್ಲಿನ ರಸ್ತೆಗಳಲ್ಲಿ ಬಿಸಿಗಾಳಿಯ ಗೊಡವೆಯಿಲ್ಲದೆ ಓಡಿತು. ಎಸಿಯ ಪೆಟ್ಟಿಗೆಯ ಜೊತೆ ಹೀಟರ್ ಕೋರ್ ತಾನಾಗಿ ಬಂದಾಗಲೂ ಅದು ಇದೆಯೆಂದು ಅರಿಯದವರೇ ಹೆಚ್ಚು. ಆದರೆ ರೇಡಿಯೇಟರಿಗೆ ಕೂಲಂಟಿನ ಬದಲು ಬೋರ್‌ವೆಲ್ಲಿನ ಗಡಸು ನೀರು ತುಂಬುವ ಅಭ್ಯಾಸ ಬಯಲುಸೀಮೆಯಲ್ಲಿ ಬೇರೂರಿದೆ. ಆ ನೀರಿನ ಸುಣ್ಣ ಮೊದಲು ಕಟ್ಟುವುದು ಹೀಟರ್ ಕೋರಿನ ಕೊಳವೆಗಳಲ್ಲಿ, ಅದರ ಕ್ಲೋರೈಡ್ ಮೊದಲು ಕೊರೆಯುವುದೂ ಅಲ್ಲಿಯೇ. ಸೋರಿದರೆ ಇಲ್ಲಿನ ಮೆಕ್ಯಾನಿಕ್ಕಿಗೆ ಬೈಪಾಸೇ ಸಹಜ ಪರಿಹಾರ, ಅದರಿಂದ ನಷ್ಟವೂ ಹೆಚ್ಚಿಲ್ಲ. ಒಂದು ಉಪಯೋಗ ಮಾತ್ರ ತಪ್ಪುತ್ತದೆ: ಚಾರ್ಮಾಡಿ, ಶಿರಾಡಿಯಂಥ ಘಾಟಿ ಹತ್ತುವಾಗ ಎಂಜಿನ್ ಕಾವೇರಿದರೆ ಎಸಿ ನಿಲ್ಲಿಸಿ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸುವುದು ಅನುಭವಿ ಚಾಲಕರು ಬಲ್ಲ ಉಪಾಯ. ಹೀಟರ್ ಕೋರ್ ಆಗ ಎರಡನೇ ರೇಡಿಯೇಟರಿನಂತೆ ಕೆಲಸ ಮಾಡುತ್ತದೆ.

ವಿದ್ಯುತ್ ಕಾರುಗಳಲ್ಲಿ ಎಂಜಿನ್ನಿನ ಕಾವೇ ಇಲ್ಲ. 2010ರ ಕೊನೆಗೆ ಬಂದ ನಿಸಾನ್ ಲೀಫ್ ಮೊದಲು ಹಳೆಯ ಪದ್ಧತಿಯನ್ನೇ ಉಳಿಸಿಕೊಂಡು, ಕೂಲಂಟನ್ನು ವಿದ್ಯುತ್ತಿನಿಂದ ಕಾಯಿಸಿ ಹೀಟರ್ ಕೋರಿಗೆ ಹರಿಸುತ್ತಿತ್ತು. ಎರಡು ಮೂರು ವರ್ಷಗಳಲ್ಲಿ ಅದರಲ್ಲೂ ಗಾಳಿಯನ್ನು ನೇರವಾಗಿ ಕಾಯಿಸುವ ಏರ್ಪಾಡು ಬಂತು. ಪೆಟ್ರೋಲ್-ಡೀಸೆಲ್ ಕಾರುಗಳು ಇರುವವರೆಗೆ ಕೋರೂ ಇರುತ್ತದೆ, ಸೋರಿಕೆಯೂ ಇರುತ್ತದೆ. ಸೋರಿದ್ದನ್ನು ನಿಭಾಯಿಸುವಾಗ ಒಂದು ಎಚ್ಚರ ತಪ್ಪಬಾರದು. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ಹೋದರೆ ಮೂತ್ರಪಿಂಡವನ್ನು ಕೊಲ್ಲುವ ವಿಷ. ಸ್ವಲ್ಪವೇ ನೆಕ್ಕಿದ ನಾಯಿಯೂ ಬದುಕುವುದು ಕಷ್ಟ. ಕೋರ್ ಬಿಚ್ಚುವಾಗ ಇಳಿಸಿದ ಕೂಲಂಟನ್ನು ಚರಂಡಿಗೆ ಚೆಲ್ಲದೆ ಮುಚ್ಚಳವಿರುವ ಕ್ಯಾನಿನಲ್ಲಿ ಹಿಡಿದು ಗ್ಯಾರೇಜಿಗೆ ಕೊಡಿ, ನೆಲಕ್ಕೆ ಬಿದ್ದದ್ದನ್ನು ಮರಳು ಹಾಕಿ ಬಳಿದು ತೊಳೆಯಿರಿ, ಒದ್ದೆಯಾದ ಹಾಸನ್ನು ಮಕ್ಕಳು ಸಾಕುಪ್ರಾಣಿಗಳಿಗೆ ಎಟುಕದ ಕಡೆ ಇಡಿ.